ತೆಗೆದ ಕೀಲು

ಬೆಳಿಗ್ಗೆ ಏಳೂವರೆಗೆ ನರ್ಸ್ ಕಾರ್ಲಿ ಬಂದು ಕಾಗದಗಳನ್ನು ನನ್ನ ಹಾಸಿಗೆಯ ಮೇಲಿಟ್ಟಳು. ಮೂರು ಕಡೆ ಸಹಿ ಹಾಕಬೇಕಿತ್ತು. ಎರಡು ಕಡೆ ಹಾಕಿದೆ. ಮೂರನೆಯದಕ್ಕೆ ಹಾಕಲಿಲ್ಲ.

"ಇಲ್ಲೊಂದು ಬಿಟ್ಟುಹೋಯ್ತಲ್ಲ ಚಿನ್ನಾ," ಅಂದಳು.

"ಬಿಟ್ಟುಹೋಗಿಲ್ಲ. ಬಿಟ್ಟಿದ್ದೀನಿ."

ಮೊದಲನೆಯ ಕಾಗದ ನನ್ನನ್ನು ಕುಯ್ಯುವುದಕ್ಕೆ. ಎರಡನೆಯದು ಬೇಕಾದರೆ ಬೇರೆಯವರ ರಕ್ತ ಕೊಡುವುದಕ್ಕೆ. ಮೂರನೆಯದು, ನನ್ನ ಎಡ ಸೊಂಟದಿಂದ ತೆಗೆಯುವ ಲೋಹದ ಕೀಲನ್ನು ಅದನ್ನು ಮಾಡಿದ ಕಂಪನಿಗೇ ಪರೀಕ್ಷೆಗೆ ಕೊಡಲು ನನ್ನ ಒಪ್ಪಿಗೆ ಇದೆ ಅನ್ನುವುದಕ್ಕೆ. ಕೀಲು ಅಂದರೆ ಒಂದು ಬಟ್ಟಲು, ಅದರೊಳಗೆ ತಿರುಗುವ ಒಂದು ಗುಂಡು. ಎರಡೂ ಲೋಹ. ಒಂಬತ್ತು ವರ್ಷ ಅವು ಒಂದನ್ನೊಂದು ಉಜ್ಜಿವೆ. ಉದುರಿದ ಪುಡಿ ನನ್ನ ಮಾಂಸ ತಿಂದಿದೆ. ಸತ್ತ ಮಾಂಸವನ್ನು ಕೆರೆದು ತೆಗೆದು ಬೇರೆ ಕೀಲು ಕೂರಿಸುವುದು ಇವತ್ತಿನ ಕೆಲಸ.

ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಚಿನ್ನಾ ಅನ್ನುತ್ತಾರೆ. ಚಿನ್ನ ಅನ್ನಿಸಿಕೊಂಡವರು ಇಲ್ಲ ಅನ್ನಬಾರದು ಅನ್ನುವುದು ಇಲ್ಲಿನ ರೂಢಿ ಇರಬೇಕು. ಕಾರ್ಲಿ ಪೆನ್ನನ್ನು ಇನ್ನೊಮ್ಮೆ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಹೊದಿಕೆಯ ಮೇಲಿಟ್ಟೆ. ಅವಳು ಡಾಕ್ಟರನ್ನು ಕರೆಯಲು ಹೋದಳು.

ನನ್ನ ಹೆಸರು ಗ್ಲೆಂಡಾ ಕ್ರಿಬ್. ಗ್ರಿಮ್ಸ್‌ಬಿ ಬಂದರಿನಲ್ಲಿ ಮೀನು ಸೀಳುವವಳು. ಹದಿನಾರಕ್ಕೆ ಚಾಕು ಹಿಡಿದೆ. ಬೆಳಿಗ್ಗೆ ಆರಕ್ಕೆ ನಿಂತರೆ ಮಧ್ಯಾಹ್ನ ಎರಡರವರೆಗೆ ನಿಲ್ಲಬೇಕು. ಕಾಲಡಿ ಒದ್ದೆ ಸಿಮೆಂಟು. ಬೂಟಿನೊಳಗೆ ನೀರು. ಕೈಯಡಿ ಮಂಜುಗಡ್ಡೆ. ಬಲಗೈಯವರು ಎಡಗಾಲಿನ ಮೇಲೆ ಭಾರ ಬಿಟ್ಟು ನಿಲ್ಲುತ್ತಾರೆ. ಹಾಗೆ ನಿಂತರೇ ಚಾಕು ಮೂಳೆಯುದ್ದಕ್ಕೂ ಒಂದೇ ಎಳೆತಕ್ಕೆ ಹೋಗುತ್ತದೆ. ಅದಕ್ಕೇ ನಮ್ಮ ಶೆಡ್ಡಿನಲ್ಲಿ ಹೆಂಗಸರಿಗೆ ಮೊದಲು ಹೋಗುವುದು ಎಡ ಸೊಂಟ. ಇದಕ್ಕೆ ಯಾರೂ ಅಳುವುದಿಲ್ಲ. ಮಳೆ ಬಂತು ಅಂದ ಹಾಗೆ, ಅವಳ ಸೊಂಟ ಹೋಯ್ತಂತೆ ಅನ್ನುತ್ತೇವೆ.

ನನ್ನದು ನಲವತ್ತೆಂಟಕ್ಕೆ ಹೋಯಿತು. ಆಗ ಇದೇ ಡಾಕ್ಟರ್ ಟಾರ್ಲ್‌ಟನ್ ನನ್ನ ಎಕ್ಸ್‌ರೇ ಎತ್ತಿ ಹಿಡಿದು ಹೇಳಿದ್ದರು: "ನೀವಿನ್ನೂ ಚಿಕ್ಕೋರು. ದುಡಿಯೋ ಮೈ. ಪ್ಲಾಸ್ಟಿಕ್ ಬಟ್ಟಲು ಹಾಕಿದ್ರೆ ಬೇಗ ಸವೆಯುತ್ತೆ. ಇದು ಹೊಸದು, ಲೋಹಕ್ಕೆ ಲೋಹ. ನೀವು ಹೋದಮೇಲೂ ಇದು ಇರುತ್ತೆ."

ನನಗೆ ಸಂತೋಷವಾಗಿತ್ತು. ನನ್ನಂಥವಳಿಗೆ ಹೊಸದು ಅಂತ ಯಾರೂ ಯಾವುದನ್ನೂ ಕೊಟ್ಟಿರಲಿಲ್ಲ. ನಾಲ್ಕು ತಿಂಗಳಿಗೆ ಮತ್ತೆ ಮೀನಿನ ಮೇಜಿನ ಮುಂದೆ ನಿಂತೆ.

ಈಗ ನನ್ನ ತಪ್ಪಿನ ಮಾತು. ನಮ್ಮ ಜನ ಮಾತ್ರ ಮಾಡುವ ತಪ್ಪು ಅದು. ಅದನ್ನು ಮುಚ್ಚಿಡುವುದಿಲ್ಲ.

ಮೀನಿನ ಶೆಡ್ಡಿನಲ್ಲಿ ಪ್ರತಿ ಸೋಮವಾರ ಒಂದು ಚೀಟಿ ತುಂಬಬೇಕು. ಕೆಮ್ಮು ಇದೆಯಾ, ಭೇದಿ ಇದೆಯಾ, ಕೈ ಕುಯ್ದುಕೊಂಡಿದ್ದೀಯಾ, ಎಲ್ಲಾದರೂ ನೋವಿದೆಯಾ. ಒಂದಕ್ಕೆ ಹೌದು ಅಂದರೂ ಅವತ್ತು ಮನೆಗೆ. ಎರಡು ಸಲ ಹೌದು ಅಂದವಳು ಮೂರನೇ ಸಲ ಬರಬೇಕಾಗಿಲ್ಲ. ಹಾಗಾಗಿ ಆ ಚೀಟಿಯನ್ನು ಯಾರೂ ಓದುವುದಿಲ್ಲ. ಟೀ ಹೊತ್ತಿಗೆ ನಮ್ಮ ಬೆರಳುಗಳಿಗೆ ಪೆನ್ನು ಹಿಡಿಯುವಷ್ಟು ಜೀವ ಬಂದಿರುವುದಿಲ್ಲ. ಹೇಜಲ್ ನಮ್ಮ ಸಾಲಿನ ಹಿರಿಯಳು. ಅವಳು ಮೀನು ತೂಗುವವಳು, ಅವಳ ಕೈ ಬೆಚ್ಚಗಿರುತ್ತದೆ. ಹದಿನೆಂಟು ಜನರ ಚೀಟಿಯನ್ನೂ ಅವಳೇ ತೊಡೆಯ ಮೇಲೆ ಹಾಕಿಕೊಂಡು, ಎಲ್ಲದಕ್ಕೂ ಮೊದಲನೇ ಚೌಕದಲ್ಲಿ ಗುರುತು ಎಳೆದುಬಿಡುತ್ತಾಳೆ. ಮೊದಲನೇ ಚೌಕ ಅಂದರೆ ಏನೂ ಇಲ್ಲ, ಚೆನ್ನಾಗಿದ್ದೇನೆ.

ಆಪರೇಷನ್ ಆದ ಮರುವರ್ಷ ಆಸ್ಪತ್ರೆಯಿಂದ ಅಂಚೆಯಲ್ಲಿ ಒಂದು ಕಾಗದ ಬಂತು. ಹೊಸ ಕೀಲು ಹೇಗಿದೆ ಅಂತ ಹನ್ನೆರಡು ಪ್ರಶ್ನೆ. ಪ್ರತಿ ಪ್ರಶ್ನೆಗೂ ಐದು ಚೌಕ. ಅದನ್ನೂ ಶೆಡ್ಡಿಗೆ ಒಯ್ದೆ. ಹೇಜಲ್ ಜೋರಾಗಿ ಓದಿದಳು.

"ಮೆಟ್ಟಿಲು ಹತ್ತಕ್ಕೆ ಆಯ್ತದಾ ಅಂತ ಕೇಳವ್ರೆ."

"ಹತ್ತದಿದ್ರೆ ಮಹಡಿ ಮೇಲಿರೋ ಅವಳ ಮನೆ ಕಕ್ಕಸಿಗೆ ಯಾರು ಹೋಗ್ತಾರೆ?" ಅಂದಳು ಜಾನಿಸ್. ಅವಳು ನನ್ನ ಪಕ್ಕದಲ್ಲೇ ನಿಂತು ಸೀಳುವವಳು. ಅವಳಿಗೂ ಅದೇ ವರ್ಷ, ಅದೇ ಡಾಕ್ಟರು, ಅದೇ ಕೀಲು ಹಾಕಿದ್ದರು.

"ರಾತ್ರಿ ನೋವಿಗೆ ನಿದ್ದೆ ಕೆಡ್ತದಾ?"

"ನಿದ್ದೆ ಕೆಡಿಸೋದು ಅವಳ ಗಂಡನ ಗೊರಕೆ ಕಣೇ. ಅದಕ್ಕೊಂದು ಚೌಕ ಐತಾ ನೋಡು."

"ಸಾಕ್ಸು ಹಾಕ್ಕೊಳಕ್ಕೆ ಕಷ್ಟವಾ?"

"ಬಿಚ್ಚೋಳಾಗಿದ್ರೆ ತಾನೇ ಹಾಕ್ಕೊಳೋದು!"

ಎಲ್ಲರೂ ನಕ್ಕೆವು. ಹನ್ನೆರಡಕ್ಕೂ ಮೊದಲನೇ ಚೌಕ. ನಾನು ಕೆಳಗೆ ಹೆಸರು ಗೀಚಿದೆ. ಹೀಗೆ ಎಂಟು ವರ್ಷ. ಉತ್ತರ ಇಷ್ಟು ಚೆನ್ನಾಗಿದ್ದ ಕಾರಣ ಆಸ್ಪತ್ರೆಯವರು ನನ್ನನ್ನು ಒಂದು ಸಲವೂ ಕರೆಸಲಿಲ್ಲ. ಆ ಕೀಲನ್ನು ಹಾಕುವುದನ್ನೇ ನಿಲ್ಲಿಸಿದ್ದಾರೆ, ಹಾಕಿಸಿಕೊಂಡವರ ರಕ್ತ ನೋಡುತ್ತಿದ್ದಾರೆ ಅನ್ನುವುದು ನಮಗೆ ಗೊತ್ತೇ ಆಗಲಿಲ್ಲ.

ಮೂರನೇ ವರ್ಷಕ್ಕೆ ನಡೆದರೆ ಕೀಲು ಕಿರುಗುಟ್ಟತೊಡಗಿತು. "ಗ್ಲೆಂಡಾ ಬಂದ್ಲು, ಬಾಗಿಲ ಸಂದಿಗೆ ಎಣ್ಣೆ ಬಿಡ್ರೇ," ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಐದನೇ ವರ್ಷ ತೊಡೆಸಂದಿಯಲ್ಲಿ ಬೇಯಿಸಿದ ಮೊಟ್ಟೆಯಷ್ಟು ಗಂಟು ಎದ್ದಿತು. ಆರನೇ ವರ್ಷ ಕಿವಿಯಲ್ಲಿ ಸದ್ದು, ಕೈಯಿಂದ ಚಾಕು ಜಾರುವುದು. ಬೆರಳು ಮರಗಟ್ಟಿದ್ದು ಮಂಜುಗಡ್ಡೆಯಿಂದ ಅಂದುಕೊಂಡೆ. ಇನ್ಯಾವುದರಿಂದ ಅಂದುಕೊಳ್ಳಲಿ? ಒಂದು ಸಲ ನನ್ನ ಮಗಳ ಹೆಸರು ಅರ್ಧ ದಿನ ನೆನಪಿಗೆ ಬರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ಅದಕ್ಕೆ ಯಾವ ಕಾಗದದಲ್ಲೂ ಚೌಕ ಇರಲಿಲ್ಲ.

ಹೋದ ವರ್ಷ ಕೆಲಸದ ನಡುವೆ ಎಡಗಾಲು ಮಡಚಿಕೊಂಡಿತು. ಹ್ಯಾಡಕ್ ಮೀನಿನ ಡಬ್ಬದ ಮೇಲೆ ಬಿದ್ದೆ. ರಕ್ತ ತೆಗೆದು ನೋಡಿದರು. ಕೋಬಾಲ್ಟ್ ಅನ್ನುವ ಲೋಹ ಇರಬಾರದಷ್ಟು ಇತ್ತು. ಸ್ಕ್ಯಾನ್ ಮಾಡಿದ ಹುಡುಗಿ ಪರದೆ ನೋಡಿ, ನನ್ನನ್ನು ನೋಡಿ, "ನಡ್ಕೊಂಡು ಬಂದ್ರಾ?" ಅಂದಳು.

ಕಂಪನಿಗೆ ಪತ್ರ ಬರೆಸಿದೆ. ಉತ್ತರ ಬಂತು. ಕೀಲಿನಲ್ಲಿ ದೋಷವಿಲ್ಲ. ಒದ್ದೆ ನೆಲದಲ್ಲಿ ಒಂದೇ ಕಾಲಿಗೆ ಭಾರ ಬಿಟ್ಟು ನಿಲ್ಲುವ ಉದ್ಯೋಗ ರೋಗಿಯ ಸ್ವಂತ ಆಯ್ಕೆ. ಅಲ್ಲದೆ ರೋಗಿ ಎಂಟು ವರ್ಷ ತಮಗೆ ನೋವೇ ಇಲ್ಲ ಎಂದು ಬರೆದುಕೊಟ್ಟಿದ್ದಾರೆ. ಜೊತೆಗೆ ಆಸ್ಪತ್ರೆಯಿಂದ ತರಿಸಿಕೊಂಡ ಎಂಟೂ ಕಾಗದಗಳ ಪ್ರತಿ ಇಟ್ಟಿದ್ದರು. ತೊಂಬತ್ತಾರು ಗುರುತು. ಎಲ್ಲ ಹೇಜಲ್ ಎಳೆದದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಕೇಳಿದ್ದೆ. ಇಲ್ಲಿ ಜ್ವರವೂ ನನಗೇ, ಬರೆಯೂ ನನಗೇ.

ಹೇಜಲ್ ನನ್ನ ಅಡುಗೆಮನೆಯಲ್ಲಿ ಕೂತು ಆ ಪ್ರತಿಗಳನ್ನು ಒಂದೊಂದಾಗಿ ನೋಡಿದಳು.

"ಈ ಕೈ ಕತ್ತರಿಸ್ಕೋಬೇಕು ಕಣೇ ನಾನು."

"ಕತ್ತರಿಸ್ಕೊಂಡು ಏನ್ ಮಾಡ್ತೀಯ. ಟೀ ಕುಡಿ."

ಅವಳು ಅಳುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಏನೂ ಬರಲಿಲ್ಲ. ಒಲೆ ಆರಿಸಿದೆ, ಕಪ್ಪು ತೊಳೆದೆ. ಕಾಗದವೆಲ್ಲ ಅವರ ಕಡೆ ಇದೆ, ನನ್ನ ಕಡೆ ಇರುವುದು ಮೈಯೊಳಗಿನ ಆ ಲೋಹ ಒಂದೇ ಅನ್ನುವುದು ಮಾತ್ರ ಗೊತ್ತಾಯಿತು.

ಜಾನಿಸ್‌ಗೆ ಅದೂ ಉಳಿಯಲಿಲ್ಲ. ನನಗಿಂತ ಆರು ತಿಂಗಳು ಮೊದಲು ಅವಳ ಕೀಲು ತೆಗೆದರು. ಅವಳು ಮೂರನೇ ಕಾಗದಕ್ಕೆ ಸಹಿ ಹಾಕಿದಳು. ಕೀಲು ಕಂಪನಿಗೆ ಹೋಯಿತು. ಆಮೇಲೆ ಏಳು ಸಾಲಿನ ವರದಿ ಬಂತು. ಯಾವ ದೋಷವೂ ಕಂಡುಬಂದಿಲ್ಲ. ಪರೀಕ್ಷೆಯ ಸಮಯದಲ್ಲಿ ವಸ್ತು ನಾಶವಾಗಿದೆ. ಅವಳ ಹೊಸ ಕೀಲು ನಾಲ್ಕು ಸಲ ಕಳಚಿದೆ. ಹಿಡಿದುಕೊಳ್ಳಲು ಮಾಂಸವೇ ಇಲ್ಲ. ಕೊನೆಯ ಸಲ ಕಳಚಿದ್ದು ಟಿವಿ ಮುಂದಿನ ಕುರ್ಚಿಯಿಂದ ಏಳುವಾಗ. ಈಗ ಗಾಲಿಕುರ್ಚಿಯಲ್ಲಿದ್ದಾಳೆ.

ನಿನ್ನೆ ಮಧ್ಯಾಹ್ನ ಆಸ್ಪತ್ರೆಗೆ ಹೊರಡುವಾಗ ಅವಳು ಫೋನು ಮಾಡಿದ್ದಳು.

"ಕೋಳಿ ಕೇಳಿ ಖಾರ ಅರೀತಾರಾ ಹೇಳು. ನನ್ನ ಕೇಳಿದ್ರಲ್ಲ ಕಣೇ! ಒಪ್ಪಿಗೆ ಐತಾ ಅಂತ ಕೇಳಿದ್ರು. ಯಾರೋ ನನ್ನ ಒಪ್ಪಿಗೆ ಕೇಳ್ತಾವ್ರೆ ಅಂತ ಅದೇ ಖುಸೀಲಿ ಗೀಚ್‌ಬುಟ್ಟೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂಗಾಯ್ತು."

"ಹ್ಞೂಂ."

"ನೀನು ಕೊಡಬ್ಯಾಡ."

"ಹ್ಞೂಂ."

"ಹ್ಞೂಂ ಅನ್ಬೇಡ ಕಣೇ ಗ್ಲೆಂಡಾ. ಹ್ಞೂಂ ಅಂದೇ ನಾವು ಹಾಳಾಗಿದ್ದು."

ಟಾರ್ಲ್‌ಟನ್ ಎಂಟು ಗಂಟೆಗೆ ಬಂದರು. ಎತ್ತರದ ಮನುಷ್ಯ. ಮೊದಲು ನನ್ನ ಎಡತೊಡೆಯ ಮೇಲೆ ನೀಲಿ ಶಾಯಿಯಲ್ಲಿ ಬಾಣದ ಗುರುತು ಬರೆದರು. ಆಮೇಲೆ ಕಾಗದ ತೆಗೆದುಕೊಂಡರು.

"ಇದು ಇಲ್ಲಿನ ಪದ್ಧತಿ, ಮಿಸೆಸ್ ಕ್ರಿಬ್. ಎಲ್ಲರೂ ಹಾಕ್ತಾರೆ."

"ಪದ್ಧತಿನೋ, ಕಾನೂನೋ?"

ಅವರು ಕನ್ನಡಕ ಸರಿಮಾಡಿಕೊಂಡರು. "ಪದ್ಧತಿ."

"ಹಂಗಾದ್ರೆ ಕೊಡಲ್ಲ."

"ಅದಕ್ಕೆ ರಕ್ತ ಮಾಂಸ ಅಂಟಿರುತ್ತೆ. ಮನೆಗೆ ಕೊಟ್ಟು ಕಳ್ಸೋ ವಸ್ತು ಅಲ್ಲ ಅದು."

"ನನ್ನ ರಕ್ತನೇ ಅಲ್ವಾ ಡಾಕ್ಟ್ರೇ. ನಲವತ್ತು ವರ್ಷ ಕರುಳು ಬಳಿದೋಳು ನಾನು. ಅದನ್ನೂ ತೊಳ್ಕೋತೀನಿ."

"ನೋಡಿ, ಸಹಿ ಇಲ್ಲ ಅಂತ ಇವತ್ತು ಬಿಟ್ರೆ ಇನ್ನು ನಾಲ್ಕು ತಿಂಗಳು ಕಾಯಬೇಕು. ಅಷ್ಟರಲ್ಲಿ ಉಳಿದಿರೋ ಸ್ನಾಯುನೂ ಹೋಗುತ್ತೆ. ಆಮೇಲೆ ನಾನು ಯಾವ ಕೀಲು ಹಾಕಿದ್ರೂ ನಿಲ್ಲಲ್ಲ. ಹೆದರಿಸ್ತಾ ಇಲ್ಲ, ಇರೋದು ಹೇಳ್ತಾ ಇದ್ದೀನಿ."

ಅವರು ಹೇಳಿದ್ದು ನಿಜ. ನನಗೆ ಹೆದರಿಕೆಯಾಯಿತು. ಜಾನಿಸ್‌ಳ ಗಾಲಿಕುರ್ಚಿ ಕಣ್ಣಮುಂದೆ ಬಂತು. ಸಹಿ ಹಾಕಿದರೆ ಒಂದು ಗಂಟೆಯಲ್ಲಿ ಮೇಜಿನ ಮೇಲಿರುತ್ತಿದ್ದೆ. ಕಾಲು ಉಳಿಯುತ್ತಿತ್ತೋ ಏನೋ. ಆದರೆ ಆ ಕಾಲನ್ನು ನಾನೇ ಕೆಡಿಸಿಕೊಂಡೆ ಅನ್ನುವ ಮಾತು ನಾನು ಸಾಯುವವರೆಗೂ ಅವರ ಕಡತದಲ್ಲಿ ಇರುತ್ತಿತ್ತು.

ಹಾಸಿಗೆಯಿಂದ ಕಾಲು ಕೆಳಗಿಟ್ಟೆ. ಹಿಂದೆ ತೆರೆದ ಆಸ್ಪತ್ರೆಯ ಅಂಗಿ. ಕುಂಡಿ ಕಾಣುತ್ತಿತ್ತು. ಕಾಣಲಿ ಅಂದುಕೊಂಡೆ.

"ಕಾರ್ಲಿ, ನನ್ನ ಪ್ಯಾಂಟು ಎಲ್ಲಿಟ್ಟೆ? ಕೊಡು."

ಕಾರ್ಲಿ ಡಾಕ್ಟರ ಮುಖ ನೋಡಿದಳು. ಡಾಕ್ಟರು ನನ್ನ ಕಾಲಿನ ಬಾಣ ನೋಡಿದರು. ಆಮೇಲೆ ಆಚೆ ಹೋಗಿ ಕಾರಿಡಾರಿನಲ್ಲಿ ಯಾರಿಗೋ ಫೋನು ಮಾಡಿದರು. ಒಂದು ಸಲ ದನಿ ಏರಿಸಿದರು. ಇಪ್ಪತ್ತು ನಿಮಿಷ ನಾನು ಒಂದು ಕಾಲು ಪ್ಯಾಂಟಿನೊಳಗೆ ತೂರಿಸಿ ಹಾಗೇ ಕೂತಿದ್ದೆ. ಇನ್ನೊಂದು ಕಾಲು ಎತ್ತಲು ಆಗುತ್ತಿರಲಿಲ್ಲ. ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲ.

ಅವರು ವಾಪಸು ಬಂದು ಮೂರನೇ ಕಾಗದಕ್ಕೆ ಅಡ್ಡಗೆರೆ ಎಳೆದರು. ಕೆಳಗೆ ಕೈಯಲ್ಲಿ ಬರೆದರು: ತೆಗೆದದ್ದನ್ನು ರೋಗಿಗೆ ಕೊಡತಕ್ಕದ್ದು. ಸಹಿ ಹಾಕಿದರು.

"ಸಾಕಾ?"

"ಸಾಲ್ದು. ನನ್ನ ಮಲಗಿಸ್ಬೇಡಿ. ಬೆನ್ನಿಗೆ ಸೂಜಿ ಕೊಡಿ. ಎಚ್ಚರ ಇರ್ತೀನಿ."

"ಮೂರು ಗಂಟೆ ಹಿಡಿಯುತ್ತೆ. ಸುತ್ತಿಗೆ ಸದ್ದು ಕೇಳುತ್ತೆ."

"ಶೆಡ್ಡಿನಲ್ಲಿ ಮೂರು ಗಂಟೆ ನಿಂತ್ರೂ ಟೀ ಕೊಡಲ್ಲ ಡಾಕ್ಟ್ರೇ. ಕಾಗದ ನಂಬಿ ಒಂದ್ಸಲ ಕೆಟ್ಟಿದ್ದೀನಿ. ಈ ಸಲ ಕಣ್ಣು ಬಿಟ್ಕೊಂಡೇ ಇರ್ತೀನಿ."

ಬೆನ್ನಿನ ಸೂಜಿ ಆದ ಮೇಲೆ ಸೊಂಟದ ಕೆಳಗೆ ನಾನು ಇರಲಿಲ್ಲ. ಬಲಮಗ್ಗುಲಿಗೆ ತಿರುಗಿಸಿ ಪಟ್ಟಿ ಕಟ್ಟಿದರು. ಎದೆಯ ಮೇಲೊಂದು ಹಸಿರು ಬಟ್ಟೆಯ ಗೋಡೆ. ಈಚೆ ಕಡೆ ನನ್ನ ತಲೆ, ಎರಡು ಕೈ, ಅರಿವಳಿಕೆಯ ಡಾಕ್ಟರಮ್ಮ. ಅವಳ ಪಕ್ಕದಲ್ಲಿ ಒಬ್ಬ ಗಂಡಸು ಕೈಕಟ್ಟಿ ನಿಂತಿದ್ದ. ಎಲ್ಲರೂ ಏನೋ ಮಾಡುತ್ತಿದ್ದರು. ಅವನೊಬ್ಬ ಏನೂ ಮಾಡುತ್ತಿರಲಿಲ್ಲ.

"ಅವ್ನು ಯಾರು?"

"ಕಂಪನಿಯವರು," ಅಂದಳು ಡಾಕ್ಟರಮ್ಮ. "ಹೊಸ ಗುಂಡು ಬಟ್ಟಲು ತಂದಿದ್ದಾರೆ. ಗುಂಡನ್ನ ಹಿಡಿದಿರೋ ಮೂಳೆಯೊಳಗಿನ ಹಳೇ ಕಡ್ಡಿ ಗಟ್ಟಿ ಇದೆಯಲ್ಲ, ಅದನ್ನ ಕೀಳಲ್ಲ. ಅದರ ಮೇಲೆ ಅವರ ಗುಂಡೇ ಕೂರೋದು."

"ಅದೇ ಕಂಪನಿನಾ?"

ಅವಳು ನನ್ನ ರಕ್ತದೊತ್ತಡ ನೋಡಿದಳು. ಮತ್ತೊಂದನ್ನು ಹಾಕುವವರೂ ಅವರೇ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಯಾವ ಕಾಗದದಲ್ಲಿತ್ತೋ ಏನೋ.

ಸುಟ್ಟ ವಾಸನೆ ಬಂತು. ಏನನ್ನೋ ಹೀರುವ ಸದ್ದು. ಆಮೇಲೆ ಗೋಡೆಯಾಚೆ ಯಾರೋ "ಅಯ್ಯೋ ದೇವರೇ" ಅಂದರು. ನನಗೆ ಕಾಣಿಸುತ್ತಿದ್ದದ್ದು ಹೀರುವ ಕೊಳವೆ ಮಾತ್ರ. ಅದರಲ್ಲಿ ರಕ್ತ ಬರಲಿಲ್ಲ. ಬೂದುಬಣ್ಣದ ಗಂಜಿ ಬಂತು. ಬಹಳ ಹೊತ್ತು ಕೆರೆಯುವ ಸದ್ದು ಕೇಳುತ್ತಿತ್ತು.

ಆಮೇಲೆ ಸುತ್ತಿಗೆ. ಒಂದೊಂದು ಏಟಿಗೂ ನನ್ನ ತಲೆ ದಿಂಬಿನ ಮೇಲೆ ಜಾರುತ್ತಿತ್ತು. ನೋವಿರಲಿಲ್ಲ. ನೋವಿದ್ದಾಗ ಅಷ್ಟು ವರ್ಷ ಯಾರೂ ಬರಲಿಲ್ಲ. ಈಗ ನೋವಿಲ್ಲ, ಆರು ಜನ ಸುತ್ತ ನಿಂತಿದ್ದಾರೆ. ಒಂದು, ಎರಡು, ಮೂರು ಅಂತ ಏಟು ಎಣಿಸಿದೆ. ಮೂವತ್ತರ ಮೇಲೆ ಬಿಟ್ಟೆ.

ತಟ್ಟೆಯಲ್ಲಿ ಲೋಹ ಬಿದ್ದ ಸದ್ದಾಯಿತು. ಕೈಕಟ್ಟಿ ನಿಂತಿದ್ದವನು ಆಗ ಕೈಬಿಚ್ಚಿದ. ಅವನ ಹತ್ತಿರ ಒಂದು ಮುಚ್ಚಳದ ಡಬ್ಬಿ ಇತ್ತು. ಅದರ ಮೇಲೆ ಚೀಟಿ ಆಗಲೇ ಅಂಟಿಸಿತ್ತು. ಅದರಲ್ಲಿ ನನ್ನ ಹೆಸರು ಇತ್ತು.

"ಏಯ್," ಅಂದೆ. "ಅದನ್ನ ಮುಟ್ಟಬ್ಯಾಡ."

ಗೋಡೆಯಾಚೆ ಕೆಲಸ ನಿಂತಿತು. ಅವನು ನನ್ನ ಕಡೆ ಬಗ್ಗಿದ. ಮುಖವಸ್ತ್ರದ ಮೇಲೆ ಕಣ್ಣು ಮಾತ್ರ. ಒಳ್ಳೆಯ ಕಣ್ಣುಗಳೇ.

"ಪರೀಕ್ಷೆಗೆ ಅಷ್ಟೇ ಮೇಡಂ. ಇದರಿಂದ ಮುಂದಿನ ರೋಗಿಗಳಿಗೆ ಒಳ್ಳೇದಾಗುತ್ತೆ. ಅದೂ ಅಲ್ದೆ ಅದು ನಮ್ಮ ವಸ್ತು."

"ಒಂಬತ್ತು ವರ್ಷ ನನ್ನ ಮಾಂಸ ತಿಂದೈತೆ ನಿಮ್ಮ ವಸ್ತು. ನಾನು ಸಾಕಿದ್ದು. ನಂದು."

ಹಸಿರು ಗೋಡೆಯಾಚೆಯಿಂದ ಟಾರ್ಲ್‌ಟನ್ ದನಿ ಬಂತು. "ಅವರ ಕೈಗೆ ಕೊಡಿ."

"ಆದರೆ ಸಾರ್, ನಮ್ಮ ಒಪ್ಪಂದದಲ್ಲಿ..."

"ಕೊಡಿ ಅಂದೆ."

ಒಬ್ಬ ನರ್ಸ್ ಅದನ್ನು ತೊಳೆದು, ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ನನ್ನ ಕೈಗಿಟ್ಟಳು. ಬಟ್ಟಲು ಒಂದು, ಗುಂಡು ಒಂದು. ಇನ್ನೂ ಬೆಚ್ಚಗಿದ್ದವು. ಸೀಳಿದ ಮೀನಿನಲ್ಲಿ ಮೂಳೆ ಉಳಿದಿದೆಯಾ ಅಂತ ನಾವು ಬೆರಳಾಡಿಸಿ ನೋಡುತ್ತೇವೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಹಾಗೇ ಚೀಲದ ಮೇಲಿನಿಂದ ಬಟ್ಟಲಿನ ಅಂಚಿನ ಸುತ್ತ ಬೆರಳಾಡಿಸಿದೆ. ಒಂದು ಕಡೆ ದುಂಡಗೆ, ನುಣ್ಣಗೆ ಇತ್ತು. ಇನ್ನೊಂದು ಕಡೆ ಅಂಚು ಸವೆದು ಚಾಕುವಿನಂತೆ ಹರಿತವಾಗಿತ್ತು. ಮರಗಟ್ಟಿದ ನನ್ನ ಬೆರಳಿಗೂ ಗೊತ್ತಾಯಿತು. ಜಾನಿಸ್‌ಳ ಬಟ್ಟಲನ್ನು ಯಂತ್ರದಲ್ಲಿಟ್ಟು ನೋಡಿದವರಿಗೆ ಏನೂ ಸಿಕ್ಕಿರಲಿಲ್ಲ.

ಹೊಸದನ್ನು ಕೂರಿಸುವವರೆಗೂ ಅದನ್ನು ಹಿಡಿದುಕೊಂಡೇ ಇದ್ದೆ. ಕಂಪನಿಯವನು ಅಳತೆ ಹೇಳುತ್ತಿದ್ದ. ಅವನ ದನಿ ನಡುಗಲೂ ಇಲ್ಲ.

ಮಧ್ಯಾಹ್ನ ಟಾರ್ಲ್‌ಟನ್ ವಾರ್ಡಿಗೆ ಬಂದರು. ಕುರ್ಚಿ ಎಳೆದು ಕೂತರು. ಇಷ್ಟು ವರ್ಷದಲ್ಲಿ ಅವರು ನನ್ನೆದುರು ಕೂತದ್ದು ಅದೇ ಮೊದಲು. ಕಾಲನ್ನು ಎತ್ತಿ ಹಿಡಿಯುವ ಸ್ನಾಯು ಅರ್ಧಕ್ಕಿಂತ ಹೆಚ್ಚು ಸತ್ತಿತ್ತು, ತೆಗೆದಿದ್ದೇವೆ ಅಂದರು. ಕಳಚದ ಹಾಗೆ ಬಿಗಿ ಬಟ್ಟಲು ಹಾಕಿದ್ದೇವೆ, ಆದರೂ ಕಳಚಬಹುದು. ಕೋಲಿಲ್ಲದೆ ನಡೆಯುವ ಹಾಗಿಲ್ಲ. ತಗ್ಗಿನ ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಮೀನಿನ ಮೇಜು ಇನ್ನು ಇಲ್ಲ.

"ಹ್ಞೂಂ," ಅಂದೆ. ಕಾಲು ಇನ್ನೂ ನನ್ನದಾಗಿರಲಿಲ್ಲ. ಬೇರೆ ಯಾರದೋ ಸುದ್ದಿ ಕೇಳಿದ ಹಾಗಿತ್ತು.

"ಅದನ್ನ ಏನು ಮಾಡ್ತೀರಿ?" ಪಕ್ಕದ ಕಪಾಟಿನ ಮೇಲಿದ್ದ ಚೀಲ ನೋಡಿ ಕೇಳಿದರು.

"ಕಂಪನಿಯವರಲ್ಲದ ಯಾರಾದ್ರೂ ಅಳತೆ ಮಾಡೋರು ಇರ್ತಾರೆ. ಅವರ ಮುಂದೆ ಇಡ್ತೀನಿ. ನಾನು ಅಲ್ಲೇ ಕೂತಿರ್ತೀನಿ."

ಅವರು ತಲೆಯಾಡಿಸಿ ಎದ್ದು ಹೋದರು. ಕ್ಷಮಿಸಿ ಅನ್ನಲಿಲ್ಲ. ನಾನೂ ಅದಕ್ಕೆ ಕಾಯಲಿಲ್ಲ.

ಎದುರಿನ ಹಾಸಿಗೆಯಲ್ಲಿ ಎನಿಡ್ ಮಾರ್ಫ್ಲೀಟ್ ಅನ್ನುವವಳಿದ್ದಳು. ಎಪ್ಪತ್ತರ ಹತ್ತಿರ. ಆಲೂಗಡ್ಡೆ ಹೊಲಗಳಲ್ಲಿ ಬಗ್ಗಿ ಬಗ್ಗಿ ಸೊಂಟ ಕಳೆದುಕೊಂಡವಳು. ಅವಳಲ್ಲೂ ಇದೇ ಕೀಲು. ನಾಳೆ ಬೆಳಿಗ್ಗೆ ತೆಗೆಯುತ್ತಾರೆ. ಬೆಳಿಗ್ಗೆಯಿಂದ ಅವಳು ನನ್ನ ಕಡೆ ನೋಡಿಯೂ ನೋಡದ ಹಾಗಿದ್ದಳು. ಅವಳ ಊಟದ ಹಲಗೆಯ ಮೇಲೆ ಮೂರು ಕಾಗದ ಇದ್ದವು. ಟೀ ಹೊತ್ತಿಗೆ ಬಂದು ತೆಗೆದುಕೊಳ್ಳುತ್ತೇನೆ ಚಿನ್ನಾ ಅಂತ ಕಾರ್ಲಿ ಹೇಳಿಹೋಗಿದ್ದಳು.

"ಬೆಳಿಗ್ಗೆ ನೀನು ಅವರಿಗೆ ಏನಂದೆ ತಾಯಿ?" ಎನಿಡ್ ಮೆಲ್ಲಗೆ ಕೇಳಿದಳು.

"ಕೊಡಲ್ಲ ಅಂದೆ."

"ಯಾಕೆ ಅಂತ ಕೇಳಕ್ಕಿಲ್ವಾ?"

"ಕೇಳ್ತಾರೆ. ಮತ್ತೆ ಕೊಡಲ್ಲ ಅನ್ನು."

"ಬೇಜಾರು ಮಾಡ್ಕೋತಾರೆ. ಪಾಪ, ಆ ಹುಡುಗಿ ಕಾರ್ಲಿ ಒಳ್ಳೇವಳು."

"ಮಾಡ್ಕೊಳ್ಳಲಿ."

ಅವಳು ಕಾಗದ ಮುಟ್ಟಿದಳು. ಕೈ ತೆಗೆದಳು. "ದಯವಿಟ್ಟು ಅಂತ ಸೇರಿಸ್ಲಾ?"

"ಬ್ಯಾಡ."

"ಕೊನೇಗೆ ಥ್ಯಾಂಕ್ಸ್?"

"ಅದೂ ಬ್ಯಾಡ. ಒಂದೇ ಮಾತು. ಹೇಳು ನೋಡೋಣ."

ಎನಿಡ್ ಚಾವಣಿ ನೋಡಿದಳು. ತುಟಿ ಒದ್ದೆ ಮಾಡಿಕೊಂಡಳು. "ಕೊಡಲ್ಲ," ಅಂದಳು. ನನಗೇ ಸರಿಯಾಗಿ ಕೇಳಲಿಲ್ಲ.

"ಇನ್ನೊಂದ್ಸಲ."

"ಕೊಡಲ್ಲ."

"ಅವ್ರು ಅಲ್ಲಿ ಮೇಜಿನ ಹತ್ರ ಅವ್ರೆ. ಅಲ್ಲಿಗೆ ಕೇಳ್ಬೇಕು."

ಅವಳು ಮೊಣಕೈ ಊರಿ ದಿಂಬಿನಿಂದ ಸ್ವಲ್ಪ ಮೇಲೆದ್ದಳು. ಮೂರನೇ ಸಲ ಅಂದಾಗ, ವಾರ್ಡಿನ ಆ ತುದಿಯಲ್ಲಿ ಬರೆಯುತ್ತಾ ಕೂತಿದ್ದ ಕಾರ್ಲಿ ತಲೆ ಎತ್ತಿ ನೋಡಿದಳು.